ಕೊಕ್ಕಣ್ಣನ ಕೈಗೆ ತೆರೆಯದ ಬಾಯಿ

ಮೃಗಾಲಯದ ಹಕ್ಕಿಮನೆಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವನಿಗೆ ಕೊಕ್ಕಣ್ಣ ಎಂಬ ಹೆಸರು ಬಿತ್ತು. ಇಟ್ಟವರು ಆನೆ ನೋಡಿಕೊಳ್ಳುವವರು, ಇಟ್ಟಿದ್ದು ಗೇಲಿಗೆ. ಅದೇ ನಿಂತುಹೋಯಿತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಕ್ಕ ಒಬ್ಬಳು ಮಾತ್ರ ತಮ್ಮನ ತಲೆ ಅರ್ಧ ಬೆಳ್ಳಗಾದ ಮೇಲೂ ಅವನನ್ನು "ಮರೀ" ಎಂದೇ ಕೂಗುತ್ತಿದ್ದಳು.

ಹಕ್ಕಿಗೆ ಕಾಳು ಎರಚುವುದೂ ಒಂದು ಕೆಲಸವೇ ಎಂದು ಯಾರಾದರೂ ಬಾಯಿ ಜಾರಿ ಅಂದರೋ, ಕೆಟ್ಟರು. ಹಿಡಿದು ನಿಲ್ಲಿಸಿ ಪಾಠ ಶುರು ಮಾಡುತ್ತಿದ್ದ. ಗಿಳಿಯ ಮೇಲಿನ ಕೊಕ್ಕೂ ಅಲ್ಲಾಡುತ್ತದೆ, ಅದಕ್ಕೇ ಅದು ಗಟ್ಟಿ ಕಾಯಿಯನ್ನು ಕಟಕ್ಕೆಂದು ಒಡೆಯುತ್ತದೆ. ಬಾತಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥದ್ದಿದೆ. ನೀರು ಹೊರಗೆ ಸೋರಿ ತಿನಿಸು ಒಳಗುಳಿಯುತ್ತದೆ. ಮಂಗಟ್ಟೆಗೆ ಕೊಕ್ಕು ಅಷ್ಟುದ್ದ, ನಾಲಿಗೆ ಮಾತ್ರ ಮೊಟಕು. ಹಾಗಾಗಿ ಹಣ್ಣನ್ನು ತುದಿಯಲ್ಲಿ ಹಿಡಿದು ಮೇಲಕ್ಕೆ ಚಿಮ್ಮಿ ನೇರ ಗಂಟಲಿಗೇ ಹಾಕಿಕೊಳ್ಳುತ್ತದೆ. ಕೊಕ್ಕರೆಗೆ ಮೀನನ್ನು ತಲೆ ಮುಂದಾಗಿಯೇ ಕೊಡಬೇಕು, ಇಲ್ಲದಿದ್ದರೆ ರೆಕ್ಕೆಮುಳ್ಳು ಗಂಟಲಿಗೆ ಚುಚ್ಚುತ್ತದೆ. ಇಷ್ಟೆಲ್ಲ ಹೇಳಿ, ಕೇಳುವವನು ಬೆಪ್ಪಾಗಿ ನಿಂತಾಗ, ಕೊನೆಗೊಂದು ಮಾತು ಸೇರಿಸುತ್ತಿದ್ದ.

"ತಿನ್ನದೇ ಇರೋ ಬಾಯಿ ಅಂತ ಇಲ್ಲ ಸ್ವಾಮಿ. ತಿನ್ನಿಸೋಕೆ ಬರದ ಕೈ ಇರುತ್ತೆ ಅಷ್ಟೆ."

ಜಂಬವೇನೋ ಹೌದು, ಆದರೆ ಬರೀ ಜಂಬವಲ್ಲ. ಗೂಡಿನಿಂದ ಬಿದ್ದ ಮರಿ, ತಾಯಿ ಬಿಟ್ಟುಹೋದ ಮರಿ, ಡಾಕ್ಟರು ಕೈಬಿಟ್ಟ ಮರಿ ಎಲ್ಲವೂ ಕೊನೆಗೆ ಬರುತ್ತಿದ್ದದ್ದು ಅವನ ಅಂಗೈಗೇ. ಕೊಕ್ಕಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಿದ್ದ, ಮರಿ ಬಾಯಿ ಕಳೆಯುತ್ತಿತ್ತು. ಕತ್ತನ್ನು ಮೇಲಕ್ಕೆ ನೆಟ್ಟಗೆ ಚಾಚಿಸಿ, ನಾಲಿಗೆ ದಾಟಿಸಿ, ತುತ್ತನ್ನು ಹಿಂದಕ್ಕೆ ಇಡುತ್ತಿದ್ದ. ನಾಲಿಗೆಯ ಬುಡದಲ್ಲೇ ಹಕ್ಕಿಯ ಉಸಿರಿನ ತೂತು. ಅದನ್ನು ದಾಟಿದರೆ ಗೆದ್ದಂತೆ. ಹಾಗೆ ಅವನ ಕೈಯಲ್ಲಿ ಬದುಕಿದ ಮರಿಗಳಿಗೆ ಲೆಕ್ಕವಿಲ್ಲ.

ಅವನನ್ನು ಉಣಿಸಿ ಬದುಕಿಸಿದವಳು ಅಕ್ಕ. ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಹಲ್ಲು ಬಂದಿರಲಿಲ್ಲ, ಅಕ್ಕನಿಗೆ ಹಾಲುಹಲ್ಲು ಬಿದ್ದು ಮುಗಿದಿರಲಿಲ್ಲ. ಅಪ್ಪ ಇದ್ದೂ ಇಲ್ಲದವನು. ಸ್ಟೂಲಿನ ಮೇಲೆ ನಿಂತು ಗಂಜಿ ಬೇಯಿಸಿ, ಕಾಲ ಮೇಲೆ ತಮ್ಮನನ್ನು ಮಲಗಿಸಿಕೊಂಡು ಚಮಚ ಹಿಡಿಯುತ್ತಿದ್ದಳಂತೆ. ಅವನ ಬಾಯಿಗೆ ಚಮಚ ಹೋಗುವಾಗಲೆಲ್ಲ ತನ್ನ ಬಾಯಿಯನ್ನೂ ಆ ಎಂದು ತೆರೆಯುತ್ತಿದ್ದಳು. ಮಗುವಿಗೆ ಉಣಿಸುವವರೆಲ್ಲ ಮಾಡುವುದೇ ಅದು, ಬೇಕಾದರೆ ಯಾರನ್ನಾದರೂ ಗಮನಿಸಿ ನೋಡಿ. ತಮ್ಮ ಸಾಕೆಂದು ಮುಖ ತಿರುಗಿಸಿದ ಮೇಲೆ ಬಟ್ಟಲಲ್ಲಿ ಮಿಕ್ಕಿದ್ದನ್ನು ಬಳಿದು ಬಾಯಿಗೆ ಹಾಕಿಕೊಂಡರೆ ಅವಳ ಊಟ ಮುಗಿಯಿತು.

ಆಮೇಲೆ ಅವಳು ಬಟ್ಟೆ ಹೊಲಿಯುವುದನ್ನು ಕಲಿತಳು, ಅವನನ್ನು ಬೆಳೆಸಿದಳು, ಮದುವೆ ಮಾಡಿದಳು. ತನ್ನ ಮದುವೆಯ ಮಾತು ಬಂದಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಮಾತೇ ಬಾರದವಳಂತೆ ಕೂರುತ್ತಿದ್ದಳು. ತಮ್ಮನ ಮನೆಯಲ್ಲೇ ಉಳಿದಳು. ಆದರೆ ಆ ಹಳೆಯ ಚಾಳಿ ಬಿಡಲಿಲ್ಲ. ಎಲ್ಲರದೂ ಆಗಬೇಕು, ಪಾತ್ರೆಯ ತಳ ಕಾಣಬೇಕು, ಆಗ ಅವಳು ತಟ್ಟೆ ಎತ್ತಿಕೊಳ್ಳುವುದು. ಕೊಕ್ಕಣ್ಣನ ಹೆಂಡತಿಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. "ನಮ್ಮನೇಲಿ ಊಟಕ್ಕೇನು ಬರಾನಾ ಅತ್ತಿಗೆ?" ಎಂದು ದಿನಾ ಜಗಳ. ಬಿಸಿಯದನ್ನು ಬಡಿಸಿ ಮುಂದಿಟ್ಟರೆ ತಟ್ಟೆ ಆರಿ ತಣ್ಣಗಾಗುತ್ತಿತ್ತೇ ಹೊರತು ಅವಳು ಮುಟ್ಟುತ್ತಿರಲಿಲ್ಲ. ಹೆಂಡತಿ ಕೊನೆಗೆ ಸೋತು, ಬೇಕೆಂದೇ ಪಾತ್ರೆಯಲ್ಲಿ ಹೆಚ್ಚು ಉಳಿಸಿ ಏಳುವುದನ್ನು ಕಲಿತಳು.

ಆ ಅಕ್ಕ ಒಂದು ಬೆಳಿಗ್ಗೆ ಹೊಲಿಗೆ ಮಿಷನ್ನಿನ ಮೇಲೇ ವಾಲಿಬಿಟ್ಟಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ನುಂಗುವುದೂ ಹೋಯಿತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿದರೆ ಎಡಗೈಯಲ್ಲಿ ಕಿತ್ತು ಬಿಸಾಕಿದಳು. ಮತ್ತೆ ಇಳಿಸಿದರು, ಮತ್ತೆ ಕಿತ್ತಳು. ಕೊನೆಗೆ ನುಂಗುವುದನ್ನು ಕಲಿಸುವ ಮೇಡಂ ಒಬ್ಬರು ಬಂದು ಗಂಟಲು ಪರೀಕ್ಷೆ ಮಾಡಿ, ಬಾಯಿಂದಲೇ ಪ್ರಯತ್ನಿಸಬಹುದು ಎಂದರು. ಗಂಜಿ ಜೇನಿನಷ್ಟು ಗಟ್ಟಿಯಿರಬೇಕು, ಒಂದು ಸಲಕ್ಕೆ ಅರ್ಧ ಚಮಚ, ಗಲ್ಲ ಎದೆಯ ಕಡೆಗೆ ಬಗ್ಗಿರಬೇಕು, ಗಂಟಲ ಗುಬುಟು ಒಮ್ಮೆ ಮೇಲೆದ್ದು ಇಳಿದದ್ದನ್ನು ನೋಡಿಯೇ ಮುಂದಿನದು. ಇದನ್ನೆಲ್ಲ ಕಲಿತದ್ದು ಹೆಂಡತಿ. ಕೊಕ್ಕಣ್ಣ ಆ ಹೊತ್ತಿಗೆ ಹಕ್ಕಿಮನೆಯಲ್ಲಿದ್ದ. ಮನೆಗೆ ಬಂದವನಿಗೆ ಅವಳು ಎಲ್ಲ ಹೇಳಿದಳು, ಅವನು ಹೂಂಗುಟ್ಟಿದ. ತಲೆ ಬಗ್ಗಿಸಿದರೆ ಗಂಟಲು ಮಡಚಿಕೊಳ್ಳುವುದಿಲ್ಲವೇ, ಇಳಿಯುವುದಾದರೂ ಹೇಗೆ ಎಂದು ಒಳಗೊಳಗೇ ನಕ್ಕ. ಉಣಿಸುವ ವಿಷಯದಲ್ಲಿ ಕೊಕ್ಕಣ್ಣನಿಗೆ ಬುದ್ಧಿ ಹೇಳುವುದೆಂದರೇನು!

ಅಕ್ಕನನ್ನು ಮನೆಗೆ ಕರೆತಂದರು. ದಿನವಿಡೀ ಕೂತು ಉಣಿಸಿದರೂ ಹೆಂಡತಿಯ ಕೈಯಲ್ಲಿ ಅರ್ಧ ಬಟ್ಟಲು ಇಳಿದರೆ ಹೆಚ್ಚು. ಅಕ್ಕನ ಕೆನ್ನೆ ಒಳಸರಿದು, ಕತ್ತಿನ ನರ ಹಗ್ಗದಂತೆ ಎದ್ದವು. ಕೊಕ್ಕಣ್ಣನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ಹೆಂಡತಿ ಸ್ನಾನಕ್ಕೆ ಹೋಗಿದ್ದಳು, ತುಂಬಿದ ಬಟ್ಟಲು ಮಂಚದ ಪಕ್ಕದಲ್ಲಿತ್ತು. ಅವನು ಕೈ ತೊಳೆದು ಬಂದು ಕೂತ. ತುಟಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ, ಅಕ್ಕ ಬಾಯಿ ತೆರೆದಳು. ಗಲ್ಲ ಹಿಡಿದು ಕತ್ತನ್ನು ಮೇಲಕ್ಕೆ ಚಾಚಿಸಿದ. ನಾಲಿಗೆ ದಾಟಿಸಿ ಚಮಚವನ್ನು ಹಿಂದಕ್ಕೆ ಒಯ್ದು ಸುರಿದ.

ಇಳಿಯಿತು. ಇನ್ನೊಂದು ಇಳಿಯಿತು. ಕೆಮ್ಮಿಲ್ಲ, ಬಿಕ್ಕಿಲ್ಲ. ಅಕ್ಕನ ಕಣ್ಣು ಮಾತ್ರ ದೊಡ್ಡದಾಗಿ, ಎಡಗೈ ಅವನ ಮೊಣಕೈಯನ್ನು ಹಿಡಿದುಕೊಂಡಿತು. ಪ್ರೀತಿಯಿಂದ ಹಿಡಿದಿದ್ದಾಳೆ ಅಂದುಕೊಂಡ, ಪುಣ್ಯಾತ್ಮ. ಬಟ್ಟಲು ಪೂರ್ತಿ ಖಾಲಿ ಮಾಡಿದ. ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದಾಗ ಆ ಖಾಲಿ ಬಟ್ಟಲನ್ನು ಎತ್ತಿ ತೋರಿಸಿದ ಠೀವಿ ನೋಡಬೇಕಿತ್ತು.

ಬೆಳಗಾಗುವಷ್ಟರಲ್ಲಿ ಅಕ್ಕನ ಮೈ ಕೆಂಡವಾಗಿತ್ತು. ಉಸಿರೆಳೆದರೆ ಎದೆಯೊಳಗೆ ಗೊರಗೊರ ಸದ್ದು. ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಗಂಜಿ ಹೊಟ್ಟೆಗೆ ಹೋಗಿದ್ದಕ್ಕಿಂತ ಹೆಚ್ಚು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಕೆಮ್ಮಲೇ ಇಲ್ಲವಲ್ಲ ಎಂದು ಅವನು ತೊದಲಿದ. ಗಂಟಲು ಮರಗಟ್ಟಿದವರಿಗೆ ಕೆಮ್ಮೂ ಬರುವುದಿಲ್ಲ ಎಂದರು ಮೇಡಂ. ಹೇಗೆ ಉಣಿಸಿದಿರಿ ಎಂದು ಕೇಳಿದರು. ಅವನು ಗಾಳಿಯಲ್ಲೇ ಒಂದು ಗಲ್ಲ ಹಿಡಿದು ಮೇಲಕ್ಕೆತ್ತಿ ತೋರಿಸಿದ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಹಕ್ಕಿಗೆ ಅದು ಸರಿ," ಎಂದರು. "ಮನುಷ್ಯರಿಗೆ ಉಸಿರಿನ ದಾರಿ ಗಂಟಲ ಕೆಳಗಿರುತ್ತೆ. ತಲೆ ಮೇಲೆತ್ತಿದ್ರೆ ಅದೇ ಬಾಗಿಲು ತೆಗೆದು ಕೊಟ್ಟಂಗೆ."

ಕೊಕ್ಕಣ್ಣನಿಗೆ ತನ್ನ ಮೊಣಕೈ ಹಿಡಿದ ಆ ಕೈ ನೆನಪಾಯಿತು. ಬೇಡ, ಬೇಡ ಎಂದು ಹಿಡಿದಿದ್ದಳು! ವರಾಂಡಕ್ಕೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ಹೆಂಡತಿ ಬಂದು ತೋಳು ಹಿಡಿದು ಎಳೆದಳು. ಬಿಡು, ನಾನೇ ಕೊಂದೆ ಅವಳನ್ನ, ಎಂದ. ಇನ್ನೂ ಸತ್ತಿಲ್ಲ, ಬಾಯಿ ಮುಚ್ಚಿಕೊಂಡು ಒಳಗೆ ಬಾ ಎಂದಳು ಅವಳು.

ಅಕ್ಕ ಸಾಯಲಿಲ್ಲ. ಜ್ವರ ಇಳಿಯಿತು, ಎದೆಯ ಸದ್ದು ನಿಂತಿತು. ಮೇಡಂ ಮತ್ತೆ ಪರೀಕ್ಷೆ ಮಾಡಿ, ತಲೆ ಬಗ್ಗಿಸಿ ಕೊಟ್ಟರೆ ಇಳಿಯುತ್ತದೆ, ಬಾಯಿ ತೆರೆಯಬೇಕಷ್ಟೆ ಎಂದರು. ಅಕ್ಕ ತೆರೆಯಲಿಲ್ಲ. ಕೊಕ್ಕಣ್ಣ ಚಮಚ ಹಿಡಿದರೆ ತುಟಿ ಬಿಗಿದು ಗೋಡೆಗೆ ಮುಖ ಮಾಡುತ್ತಿದ್ದಳು. ಆಮೇಲೆ ಹೆಂಡತಿಗೂ ತೆರೆಯಲಿಲ್ಲ, ನರ್ಸಿಗೂ ತೆರೆಯಲಿಲ್ಲ. ಕೈಯ ನರಕ್ಕೆ ಹನಿಹನಿಯಾಗಿ ಹೋಗುವ ನೀರಿನಿಂದ ಎಷ್ಟು ದಿನ ಬದುಕಿಯಾಳು? ಹೊಟ್ಟೆಗೆ ತೂತು ಮಾಡಿ ನಳಿಗೆ ಇಡುತ್ತೇವೆ ಎಂದು ಡಾಕ್ಟರು ಹೇಳಿದಾಗ ಅಕ್ಕ ಎಡಗೈಯನ್ನು ಹೊಟ್ಟೆಗೆ ಅಡ್ಡ ಇಟ್ಟು ಬೇಡವೆಂದು ತಲೆಯಾಡಿಸಿದಳು. ಆಕೆ ಒಪ್ಪದೆ ಮಾಡುವುದಿಲ್ಲ, ಆದರೆ ನಾಳೆಯೊಳಗೆ ಬಾಯಿಂದ ಏನಾದರೂ ಇಳಿಯದಿದ್ದರೆ ನಮ್ಮ ಕೈಯಲ್ಲಿ ಇನ್ನೇನೂ ಇಲ್ಲ ಎಂದು ಡಾಕ್ಟರು ಹೊರಟರು.

ಮರುದಿನ ಬೆಳಿಗ್ಗೆ ಕೊಕ್ಕಣ್ಣ ಕೆಲಸಕ್ಕೆ ಹೋದ. ಹೋಗದೆ ಏನು ಮಾಡುತ್ತಾನೆ? ಅಕ್ಕನ ಬತ್ತಿದ ಮುಖವನ್ನು ನೋಡುತ್ತ ಕೂರುವ ಧೈರ್ಯ ಅವನಿಗಿರಲಿಲ್ಲ. ಹಕ್ಕಿಗಳೆಲ್ಲ ಅವನನ್ನು ಕಂಡು ಕೊಕ್ಕು ತೆರೆದವು, ಅವನಿಗೆ ಅವುಗಳ ಮೇಲೂ ಸಿಟ್ಟು ಬಂತು. ಕೊನೆಗೆ ರಾಜಹಂಸಗಳ ಕೊಳಕ್ಕೆ ಹೋದ. ಉದ್ದ ಕಾಲಿನ ಆ ಗುಲಾಬಿ ಹಕ್ಕಿಗಳು ತಲೆ ಕೆಳಗೆ ಮಾಡಿ, ಕೊಕ್ಕನ್ನು ತಿರುಗುಮುರುಗಾಗಿ ನೀರಿಗಿಟ್ಟು, ನಾಲಿಗೆಯಿಂದ ನೀರು ಸೆಳೆದು ಸೋಸುತ್ತಿದ್ದವು. ಆ ಡೊಂಕು ಕೊಕ್ಕು ಇರುವುದೇ ಹಾಗೆ ಬಗ್ಗಿ ತಿನ್ನುವುದಕ್ಕೆ. ಬಂದವರಿಗೆಲ್ಲ ಇದನ್ನು ಸಾವಿರ ಸಲ ವಿವರಿಸಿದ್ದ. ತಲೆ ತಗ್ಗಿಸಿ ಉಣ್ಣುವ ಹಕ್ಕಿ ಕಣ್ಣೆದುರೇ ಇತ್ತು, ಆದರೂ ಅಕ್ಕನ ಕತ್ತನ್ನು ಮೇಲಕ್ಕೆ ಚಾಚಿಸಿದೆನಲ್ಲ! ಕೊಳದ ಕಟ್ಟೆಯ ಮೇಲೆ ಕೂತು ದೊಡ್ಡ ಗಂಡಸು ಗಳಗಳನೆ ಅತ್ತ. ಅಳುವಾಗಲೇ ಅವನಿಗೆ ಇನ್ನೊಂದು ಹೊಳೆಯಿತು. ಪ್ರತಿ ಹಕ್ಕಿಯ ಬಾಯಿ ಹೇಗೆ ತಿನ್ನುತ್ತದೆಂದು ಬಲ್ಲ ತಾನು, ಅಕ್ಕನ ಬಾಯಿ ಹೇಗೆ ತಿನ್ನುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬಕೆಟ್ಟನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದ.

ಅಕ್ಕನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಗಂಜಿಯ ಬಟ್ಟಲು ಹಾಗೇ ಇತ್ತು. ಕೊಕ್ಕಣ್ಣ ಕುರ್ಚಿ ಮುಟ್ಟಲಿಲ್ಲ. ಮಂಚದ ಬದಿಯಲ್ಲಿ ನೆಲಕ್ಕೇ ಕೂತ. ಅವನನ್ನು ನೋಡಬೇಕಾದರೆ ಅವಳು ಗಲ್ಲ ಎದೆಗೆ ತಾಗುವಷ್ಟು ತಲೆ ತಗ್ಗಿಸಬೇಕಿತ್ತು. ಬಟ್ಟಲನ್ನು ಅವಳ ಮಡಿಲಲ್ಲಿಟ್ಟ, ಚಮಚವನ್ನು ಅವಳ ಎಡಗೈಯಲ್ಲಿಟ್ಟ.

"ಅಕ್ಕಾ, ಹಸಿವು," ಎಂದು ಬಾಯಿ ತೆರೆದ.

ನಿನಗೆ ತಲೆ ಕೆಟ್ಟಿದೆಯಾ ಎಂಬಂತೆ ನೋಡಿದಳು ಹೆಂಡತಿ. ಅಕ್ಕ ಅಲ್ಲಾಡಲಿಲ್ಲ. ಅವನು ಬಾಯಿ ತೆರೆದೇ ಕೂತಿದ್ದ, ದವಡೆ ನೋಯತೊಡಗಿತು. ಆಮೇಲೆ ಆ ಎಡಗೈ ಮೆಲ್ಲಗೆ ಚಮಚ ಮುಳುಗಿಸಿತು. ನಡುಗುತ್ತ, ಅರ್ಧ ಚೆಲ್ಲುತ್ತ, ಅವನ ಬಾಯಿಗೆ ಬಂತು. ಚಮಚ ಒಳಗೆ ಹೋಗುವಾಗ ಅಕ್ಕನ ಬಾಯಿ ತಾನಾಗಿ ತೆರೆಯಿತು.

ಹೆಂಡತಿ ಅದನ್ನು ಕಂಡಳು. ಇನ್ನೊಂದು ಚಮಚ ಎತ್ತಿಕೊಂಡು, ಈಗಲೇ ಹಾಕಿಬಿಡಲೇ ಎಂದು ಕಣ್ಣಲ್ಲೇ ಕೇಳಿದಳು. ಅವನು ಬೇಡವೆಂದು ಕೈಯಾಡಿಸಿದ. ಕದ್ದು ತುರುಕಿದ್ದು ಒಂದು ಸಲಕ್ಕೆ ಸಾಕು. ಅಕ್ಕ ಕೊಟ್ಟಳು, ಅವನು ನುಂಗಿದ. ಉಪ್ಪಿಲ್ಲದ ತಣ್ಣನೆಯ ಗಂಜಿ, ಆದರೂ ನುಂಗಿದ. ಸಾಯುತ್ತಿರುವವಳ ಊಟವನ್ನು ತಾನು ಕೂತು ತಿನ್ನುತ್ತಿದ್ದೇನೆ ಎನ್ನಿಸಿತು, ಮತ್ತೆ ಬಾಯಿ ತೆರೆದ. ಬಟ್ಟಲು ಇಳಿಯುತ್ತ ಬಂತು. ಲೆಕ್ಕ ತಪ್ಪಿದ್ದರೆ ಇವತ್ತೇ ಕೊನೆ. ತಳದಲ್ಲಿ ಒಂದೆರಡು ಚಮಚದಷ್ಟು ಉಳಿದಾಗ ಅವನು ತುಟಿ ಬಿಗಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿಬಿಟ್ಟ.

ಚಮಚ ಅವನ ಕೆನ್ನೆಗೆ ಬಂದು ತಾಗಿತು. ಅವನು ತಿರುಗಲಿಲ್ಲ. ಇನ್ನೊಮ್ಮೆ ತಾಗಿತು.

"ಸಾಕಕ್ಕ. ಹೊಟ್ಟೆ ತುಂಬ್ತು."

ನೋಡುವ ಧೈರ್ಯವಿಲ್ಲದೆ ನೆಲದ ಮೇಲೇ ಕಣ್ಣಿಟ್ಟಿದ್ದ. ಬಟ್ಟಲಿನ ತಳವನ್ನು ಚಮಚ ಕೆರೆಯುವ ಸದ್ದು ಕೇಳಿಸಿತು. ಹೆಂಡತಿಯ ಕೈ ಅವನ ಭುಜವನ್ನು ಬಿಗಿಯಾಗಿ ಹಿಡಿಯಿತು. ಆಗ ತಲೆ ಎತ್ತಿದ. ಚಮಚ ಅಕ್ಕನ ಬಾಯಲ್ಲಿತ್ತು. ತಗ್ಗಿದ ಗಲ್ಲದ ಕೆಳಗೆ ಗಂಟಲ ಗುಬುಟು ಏಳಲೋ ಬೇಡವೋ ಎಂದು ತಡೆದು ನಿಂತಿತ್ತು. ಎದ್ದಿತು. ಇಳಿಯಿತು.

ನರ್ಸು ಬಂದು ಬಟ್ಟಲು ನೋಡಿ, ಪೂರ್ತಿ ಹೋಯಿತಾ ಎಂದು ಮುಖ ಅರಳಿಸಿದಳು. ಒಂದು ಬಟ್ಟಲಿಗೆ ಎರಡು ಚಮಚ; ಅಷ್ಟರಲ್ಲಿ ಒಂದು ಜೀವ ನಿಲ್ಲುವುದೋ ಇಲ್ಲವೋ ಕೊಕ್ಕಣ್ಣನಿಗೆ ಗೊತ್ತಿರಲಿಲ್ಲ. ಗಲ್ಲಕ್ಕೆ ಮೆತ್ತಿದ್ದನ್ನು ಒರೆಸಿಕೊಂಡ.

"ಇನ್ನೊಂದು ಬಟ್ಟಲು ತರ್ತೀರಾ ಸಿಸ್ಟರ್," ಎಂದ. "ನನಗೆ ಇನ್ನೂ ಹಸಿವಿದೆ."