ಗುಲಾಬಿಗೆ ಶಾಲೆ ಹುಡುಕಿ ಅಂಧೇರಿಗೆ

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗಳು ಗುಲಾಬಿಯ ಕೈ ಹಿಡಿದು ಮುಂಬಯಿಯ ಪರೇಲಿನ ನಮ್ಮ ಚಾಳಿನ ಕೋಣೆಯಿಂದ ಹೊರಟೆ. ಅವಳಿಗೆ ಆಗ ಒಂಬತ್ತು ವರ್ಷ. ಎರಡನೆಯ ತರಗತಿಯಲ್ಲಿ ಎರಡು ಸಲ ಫೇಲಾಗಿದ್ದಳು. ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಶಾಲೆಯವರು ಕೈಚೆಲ್ಲಿದ್ದರು. ಓದು ತಲೆಗೆ ಹತ್ತದ ಮಕ್ಕಳಿಗೆಂದೇ ಅಂಧೇರಿಯಲ್ಲಿ ಒಂದು ಖಾಸಗಿ ಶಾಲೆಯಿದೆಯೆಂದು ನಮ್ಮ ಹೋಟೆಲಿನ ಗಿರಾಕಿಯೊಬ್ಬರು ಹೇಳಿದ್ದರು. ಮರುದಿನ ಪರೇಲಿನಲ್ಲೇ ಇನ್ನೊಂದು ಸಾಧಾರಣ ಶಾಲೆಗೆ ಸೇರಲು ಅವಳ ಪರೀಕ್ಷೆಯಿತ್ತು. ಎರಡೂ ಕೈತಪ್ಪಿದರೆ ಅವಳ ಓದು ಮುಗಿದಂತೆಯೇ.

ಸೇತುವೆ ದಾಟಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ನನಗೊಂದು, ಅವಳಿಗೆ ಅರ್ಧ ಟಿಕೆಟು ಕೊಂಡೆ. ಲೋಕಲ್ ರೈಲಿನಲ್ಲಿ ಅಂಧೇರಿಗೆ ಸುಮಾರು ಎಂಟು ಮೈಲಿ. ಎದುರಿನ ಗಾಡಿಗಳಲ್ಲಿ ಜನ ನೇತಾಡುತ್ತಿದ್ದರು. ನಮಗೆ ಕಿಟಕಿಯೇ ಸಿಕ್ಕಿತು. ಬಾಂದ್ರಾ ದಾಟುವವರೆಗೂ ಅವಳಿಂದ ಪಾಠ ಒಪ್ಪಿಸಿಕೊಂಡೆ. ನಮ್ಮ ಹೋಟೆಲಿನಲ್ಲಿ ಯಾರೂ ಆರ್ಡರು ಬರೆದುಕೊಳ್ಳುವುದಿಲ್ಲ; ಎಂಟು ಮೇಜಿನ ತಿಂಡಿ ತಲೆಯಲ್ಲಿಟ್ಟುಕೊಂಡು ಅಡುಗೆಮನೆಗೆ ಕೂಗುತ್ತೇವೆ. ಆ ವಿದ್ಯೆಯನ್ನೇ ಮಗಳಿಗೂ ಕಲಿಸಿದ್ದೆ. ಅವಳ ಪುಸ್ತಕದ ನಾಲ್ಕು ಪಾಠ ಬಾಯಿಪಾಠವಾಗಿತ್ತು. ಎಲ್ಲಿ ಹಾಳೆ ಮಗುಚಬೇಕೆಂಬುದೂ ಅವಳಿಗೆ ಗೊತ್ತಿತ್ತು.

ಸ್ಟೇಷನ್ನಿನಿಂದ ಒಂದು ಮೈಲಿ ನಡಿಗೆ. ಆಗಿನ್ನೂ ಅಲ್ಲಿ ಗದ್ದೆ, ಬಾವಿ, ಕುದುರೆಗಾಡಿ. ಇದೂ ಮುಂಬಯಿಯೇ ಎಂದು ನಂಬುವುದು ಕಷ್ಟ. ಶಾಲೆಯೆಂದರೆ ಒಂದು ಹಂಚಿನ ಬಂಗಲೆ. ರಜೆಯಾದ್ದರಿಂದ ಮಕ್ಕಳಿರಲಿಲ್ಲ. ಮಂದಬುದ್ಧಿಯ ಮಕ್ಕಳ ಶಾಲೆ ಎಂಬ ಬೋರ್ಡು ಕಂಡು ನನಗೆ ನಾಚಿಕೆಯಾಯಿತು. ಪರಿಚಯದವರು ಯಾರಾದರೂ ಕಂಡಾರೆಂದು ಅತ್ತಿತ್ತ ನೋಡಿ ಒಳಗೆ ಹೊಕ್ಕೆ.

ಶಾಲೆ ನಡೆಸುವ ಟೀಚರು ಧಾರವಾಡದವರು. ಗುಲಾಬಿ ಪುಸ್ತಕ ಬಿಡಿಸಿ ಗಡಗಡನೆ ಓದಿದಳು. ನನ್ನ ಎದೆಯುಬ್ಬಿತು. ಎರಡನೆಯ ಪಾಠದ ನಡುವೆ ಟೀಚರು ಪುಟದ ಮೇಲೆ ಅಂಗೈ ಇಟ್ಟರು. ಗುಲಾಬಿ ನಿಲ್ಲಿಸಲಿಲ್ಲ, ಅವರ ಬೆರಳುಗಳನ್ನೇ ನೋಡುತ್ತ ಪಾಠ ಮುಗಿಸಿದಳು.

"ಭಾಳ ಛಲೋ ನೆನಪದ ಈಕಿಗೆ. ಯಾರು ಕಲಿಸ್ಯಾರ?" ಎಂದರು.

"ನಾನೇ ಕಲಿಸಿದ್ದು, ಅಮ್ಮಾ. ಓದ್ಲಿಕ್ಕೆ ಬರುದಿಲ್ಲ ಅಂದ್ರೆ ನೀವು ಸೇರಿಸಿಕೊಳ್ಳುದಿಲ್ಲ ಅಂತ ಹೆದರಿಕೆ."

"ಓದಾಕ ಬರೂದಿಲ್ಲ ಅಂತನ ಇಲ್ಲಿಗೆ ಕರ್ಕೊಂಡು ಬರ್ತಾರಲ್ರೀ."

ಇಂಥ ಹೆಡ್ಡತನ ನನ್ನಿಂದ ಮಾತ್ರ ಸಾಧ್ಯ. ಟೀಚರು ನಗಲಿಲ್ಲ. ತಟ್ಟೆಯಲ್ಲಿ ಮರಳು ಹರಡಿ, ಗುಲಾಬಿಯ ಬೆರಳು ಹಿಡಿದು ಒಂದೇ ಅಕ್ಷರವನ್ನು ಹತ್ತು ಸಲ ತಿದ್ದಿಸಿದರು. ಮನೆಯಲ್ಲಿ ಬಾಯಿಪಾಠ ಮಾಡಿಸಕೂಡದು ಎಂಬುದೊಂದೇ ಅವರ ಷರತ್ತು. ಯೋಚಿಸಿ ಹೇಳುತ್ತೇನೆಂದು ಎದ್ದೆ.

ಯೋಚನೆಯೇನು, ಪರೇಲಿನ ಶಾಲೆಯ ಆಸೆ. ನಾಳೆಯ ಶಾಲೆಯಲ್ಲಿ ಯಾರೂ ಪುಟದ ಮೇಲೆ ಕೈಯಿಡಲಿಕ್ಕಿಲ್ಲ. ಈ ಬೋರ್ಡಿನ ಅವಮಾನವೂ ಇಲ್ಲ. ಸ್ಟೇಷನ್ನಿನ ಎದುರು ನಿಂಬೆಹಣ್ಣಿನ ಶರಬತ್ತು ಕುಡಿಯುತ್ತಿದ್ದಾಗ ಗುಲಾಬಿ ಕೇಳಿದಳು: "ಅಪ್ಪಾ, ನಾಳೆ ಕೂಡ ಓದಿದ ಹಾಗೆ ಮಾಡ್ಬೇಕಾ? ಮತ್ತೆ ದಿನಾಲೂ ಹಾಗೇ ಮಾಡ್ಬೇಕಾ?"

"ಬೇಡ ಮಗಾ" ಎಂದೆ. ಲೋಟವಿಟ್ಟು ಅದೇ ಬಿಸಿಲಿನಲ್ಲಿ ಒಂದು ಮೈಲಿ ಹಿಂದಕ್ಕೆ ನಡೆದೆವು.

ಟೀಚರು ಫಾರಂ ತೆಗೆದು ಹೆಸರು, ವಯಸ್ಸು ತುಂಬಿದರು. "ಓದು ಅನ್ನೋ ಕಡೆ ಏನ ಬರೀಲಿ?" ಎಂದು ಕೇಳಿದರು.

"ಒಂದಕ್ಷರವೂ ಬರುದಿಲ್ಲ ಅಂತ ಬರೀರಿ" ಎಂದೆ. ಗುಲಾಬಿ ನನ್ನ ಕೈ ಬಿಟ್ಟು ಮರಳಿನ ತಟ್ಟೆಯ ಮುಂದೆ ಹೋಗಿ ಕುಳಿತಳು.