ಕಲ್ಲಲ್ಲಿ ಉಳಿದ ಹಿಡಿ ಹಿಟ್ಟು

ಗಂಡ ನಂಜುಂಡಪ್ಪ ತೀರಿಕೊಂಡ ಮೂರು ತಿಂಗಳಿಗೆ ಗುರುಸಿದ್ದಮ್ಮ ಹರದನಹಳ್ಳಿಯ ಹಿಟ್ಟಿನ ಮಿಲ್ಲನ್ನು ತಾನೇ ಓಡಿಸತೊಡಗಿದಳು. ಅವನು ಡಬ್ಬದ ಸಾಲು ನೋಡುತ್ತಿದ್ದನೇ ಹೊರತು ಡಬ್ಬ ತಂದವರ ಜಾತಿ ನೋಡಿದವನಲ್ಲ.

ಒಂದು ಸೋಮವಾರ ಜೈಬುನ್ನೀಸಾ ಎಂದಿನಂತೆ ರಾಗಿ ಡಬ್ಬವನ್ನು ಸಾಲಿಗಿಟ್ಟಳು. ನಂಜುಂಡಪ್ಪ ಇದ್ದಾಗ ಸೊಲ್ಲೆತ್ತದಿದ್ದ ಚಿಕ್ಕಮಲ್ಲಪ್ಪ ಅವಳ ಹಿಂದಿನಿಂದ ಗುರುಸಿದ್ದಮ್ಮನನ್ನು ಗದರಿದ.

"ಸಾಬರ ರಾಗಿ ಬಿದ್ದ ಕಲ್ಲಲ್ಲಿ ನಮ್ಮ ರಾಗಿ ಬ್ಯಾಡ ಕಣಮ್ಮ. ನಾವು ಇಭೂತಿ ಹಚ್ಚೋರು. ಅವಳನ್ನ ವಾಪಸ್ ಕಳ್ಸು. ಇಲ್ದಿದ್ರೆ ಊರೋರೆಲ್ಲ ಬ್ಯಾರೆ ಮಿಲ್ಲಿಗೆ ಓಯ್ತೀವಿ."

ಮಿಲ್ಲು ನಿಂತರೆ ಗುರುಸಿದ್ದಮ್ಮನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೂ ಅವಳು ಜೈಬುನ್ನೀಸಾಳ ಡಬ್ಬವನ್ನೇ ಎತ್ತಿ ಮಿಲ್ಲಿಗೆ ಸುರಿದಳು.

"ಮಲ್ಲಪ್ಪಣ್ಣ, ಯಾರು ಬೀಸಿಸಿದ್ರೂ ಕಲ್ಲಲ್ಲಿ ಒಂದು ಹಿಡಿ ಹಿಟ್ಟು ಉಳೀತದೆ, ಅದು ಮುಂದಿನವರ ಡಬ್ಬಕ್ಕೆ ಬೀಳ್ತದೆ. ಇಪ್ಪತ್ತು ವರ್ಸದಿಂದ ನಿನ್ನ ಮುದ್ದೇಲಿ ಅವಳ ರಾಗಿ ಅದೆ, ಅವಳ ಮುದ್ದೇಲಿ ನಿಂದದೆ. ನಿನ್ನ ಇಭೂತಿ ಏನಾರ ಅಳಿಸೋಯ್ತಾ?"

ಸಾಲಿನಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬರೂ ತಮ್ಮ ಡಬ್ಬ ಎತ್ತಿಕೊಂಡು ಹೋಗಲಿಲ್ಲ. ಚಿಕ್ಕಮಲ್ಲಪ್ಪ ಒಂದು ಗಳಿಗೆ ಹಣೆ ಉಜ್ಜಿಕೊಂಡು ನಿಂತ. ಆಮೇಲೆ ತನ್ನ ಡಬ್ಬವನ್ನು ಕಾಲಿನಲ್ಲೇ ಮುಂದಕ್ಕೆ ತಳ್ಳಿದ.

ಗುರುಸಿದ್ದಮ್ಮ ಗಂಡನ ಟವಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, ಚಿಕ್ಕಮಲ್ಲಪ್ಪನ ರಾಗಿಯನ್ನೂ ಅದೇ ಕಲ್ಲಿಗೆ ಸುರಿದಳು.