ನೀರಿಗೆ ಹೆಪ್ಪು ಹಾಕಿದ ಯಮನೂರಮ್ಮ

ಭಗವಂತನು ಕೆಲವರಿಗೆ ಕಂಠವನ್ನು ಕೊಡುತ್ತಾನೆ, ಕೆಲವರಿಗೆ ಕೈಗುಣವನ್ನು ಕೊಡುತ್ತಾನೆ. ಮಸ್ಕಿಯ ಯಮನೂರಮ್ಮನಿಗೆ ಆತನು ಕೊಟ್ಟಿದ್ದು ನಾಲಿಗೆ. ಮಾತಾಡುವ ನಾಲಿಗೆಗೂ ಅವಳಲ್ಲಿ ಬರವಿರಲಿಲ್ಲ. ನಾನು ಹೇಳುತ್ತಿರುವುದು ನೀರಿನ ರುಚಿ ಬಲ್ಲ ನಾಲಿಗೆಯನ್ನು. ಕಣ್ಣು ಮುಚ್ಚಿಸಿ ಒಂದು ಗುಟುಕು ಕುಡಿಸಿದರೆ ಸಾಕು, ಅದು ಯಾವ ಬಾವಿಯದು, ಸೇದಿ ಎಷ್ಟು ಹೊತ್ತಾಯಿತು, ಕೊಡವನ್ನು ಹುಣಸೆಹಣ್ಣಿನಿಂದ ಬೆಳಗಿದ್ದರೋ ಬೂದಿಯಿಂದಲೋ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು.

ತುಂಗಭದ್ರೆಯ ಎಡದಂಡೆ ಕಾಲುವೆ ಅಗೆಯುವಾಗ ಅವಳೂ ಅವಳ ಗಂಡ ಮಾನಪ್ಪನೂ ಮಣ್ಣಿನ ಬುಟ್ಟಿ ಹೊತ್ತವರು. ನೀರು ಹರಿದು ಬರುವ ಮೊದಲೇ ಮಾನಪ್ಪ ಶಿವನ ಪಾದ ಸೇರಿದ. ನೀರು ಬಂದ ಮೇಲೆ ಯಮನೂರಮ್ಮನ ತಲೆಯಿಂದ ಬುಟ್ಟಿ ಇಳಿದು ಕೊಡ ಏರಿತು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ನೀರಾವರಿ ಬಂಗಲೆಗೆ ನೀರು ಹೊರುವ ಕೆಲಸ ಅವಳದಾಯಿತು. ಬಂಗಲೆಯ ಹಿತ್ತಲಲ್ಲೇ ಹಳೆಯ ಬಾವಿಯೊಂದಿತ್ತು. ಆದರೆ ಅದರ ನೀರು ಸವುಳು, ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯದು, ಸಾಬೂನು ನೊರೆಗಟ್ಟದು. ಹಾಗಾಗಿ ಅರ್ಧ ಮೈಲು ನಡೆದು ಕಾಲುವೆಯ ಸಿಹಿನೀರನ್ನೇ ತರಬೇಕಿತ್ತು.

ಬಂಗಲೆಗೆ ದ್ಯಾವಪ್ಪನೆಂಬ ಕಾವಲುಗಾರನಿದ್ದ, ಅಡಿಗೆಯೂ ಅವನದೇ. ಒಳ್ಳೆಯ ಮನುಷ್ಯ, ತಿರುಪತಿಯ ವೆಂಕಟರಮಣನ ಒಕ್ಕಲು. ಕಾಲುವೆಗೆ ನೀರು ಬಂದ ದಿನದಿಂದ ಅವನ ಭಕ್ತಿಯಲ್ಲಿ ವೆಂಕಟರಮಣನಿಗೂ ತುಂಗಭದ್ರೆಗೂ ಸರಿಪಾಲಾಗಿಹೋಗಿತ್ತು. ಕಾಲುವೆಯ ನೀರನ್ನು ಎರಡು ಕಣ್ಣಿಗೂ ಒತ್ತಿಕೊಳ್ಳದೆ ಅವನು ಒಲೆ ಹಚ್ಚುತ್ತಿರಲಿಲ್ಲ.

ಸಾವಿರದೊಂಬೈನೂರ ಅರವತ್ತಮೂರರಲ್ಲಿ ಆ ಬಂಗಲೆಗೆ ಬಂದ ಎಂಜಿನಿಯರ್ ಸಾಹೇಬರು ಮುಂಬಯಿಯಿಂದ ಒಂದು ಗಾಜಿನ ಪೆಟ್ಟಿಗೆಯನ್ನೂ ಹನ್ನೆರಡು ಮೀನುಗಳನ್ನೂ ತಂದರು. ಕಾಡಿಗೆಯಲ್ಲಿ ಅದ್ದಿ ತೆಗೆದಂತಹ ಕಪ್ಪು ಮೀನುಗಳು, ಹೆಬ್ಬೆರಳಿನಷ್ಟುದ್ದ. ಪೆಟ್ಟಿಗೆಗೆ ಎಂಟು ಕೊಡ ನೀರು ಹಿಡಿಸುತ್ತಿತ್ತು. ನೋಡಲು ಜನ ಬಂದರು. ಬಳಗಾನೂರಿನಿಂದ ಬಸ್ಸು ಹತ್ತಿ ಬಂದ ಯಮನೂರಮ್ಮನ ಗೆಳತಿ ಚಾಂದ್‌ಬೀ ಗಾಜಿಗೆ ಮೂಗು ಒತ್ತಿ ನಿಂತು ನಿರಾಶಳಾದಳು. "ಇಷ್ಟs ಏನಬೇ? ಎಲ್ಲಾ ಹುರದ್ರೂ ಒಂದ್ ರೊಟ್ಟಿಗಿ ಸಾಲಂಗಿಲ್ಲ!"

ಮೀನು ನೋಡಿಕೊಳ್ಳುವ ಹೊಣೆ ದ್ಯಾವಪ್ಪನಿಗೆ ಬಿತ್ತು. ನಮ್ಮ ಮನೆಗಳಲ್ಲಿ ನಿನ್ನೆಯ ನೀರನ್ನು ಇಂದು ಯಾರು ಬಳಸುತ್ತಾರೆ? ಬೆಳಗಾದರೆ ಹಳೆಯ ನೀರು ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬುವುದು ನಮ್ಮ ತಾಯಂದಿರು ನಡೆಸಿಕೊಂಡು ಬಂದ ಆಚಾರ. ದ್ಯಾವಪ್ಪ ಅದನ್ನೇ ಭಕ್ತಿಯಿಂದ ಪಾಲಿಸಿದ. ದಿನವೂ ಎಂಟೂ ಕೊಡ ಚೆಲ್ಲಿ, ಗಾಜನ್ನು ಬೂದಿಯಿಂದ ತಿಕ್ಕಿ, ಎಂಟು ಕೊಡ ಹೊಸ ಕಾಲುವೆ ನೀರನ್ನು ತುಂಬಿದ. ಮೂರು ವಾರಗಳಲ್ಲಿ ಹನ್ನೆರಡು ಮೀನು ಏಳಾದವು. ಉಳಿದವು ಇದ್ದಲ್ಲೇ ನಿಂತು, ಚಳಿಜ್ವರ ಬಂದವರಂತೆ ಮೈ ನಡುಗಿಸುತ್ತಿದ್ದವು.

"ಈಕಿ ಕೊಡದ್ದs ದೋಷ ಸಾಹೇಬ್ರ," ಎಂದ ದ್ಯಾವಪ್ಪ. "ಹಿತ್ತಲ ಸವುಳು ಬಾವ್ಯಾಗ ಕೊಡ ತೊಳಿತಾಳ ನೋಡ್ರಿ."

ಸಾಹೇಬರು ಮುಂಬಯಿಗೆ ಒಂದು ತಿಂಗಳ ರಜೆಯ ಮೇಲೆ ಹೊರಟಿದ್ದರು. ಜೀಪು ಹತ್ತುವಾಗ ಹೇಳಿದರು: "ಯಮನೂರಮ್ಮ, ಮಳೆಗಾಲಕ್ಕೆ ಹೇಗೂ ಕಾಲುವೆಯಿಂದ ಇಲ್ಲಿಗೆ ಪೈಪು ಬರುತ್ತದೆ. ಆಮೇಲೆ ನಿನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಾನು ಬರುವಷ್ಟರಲ್ಲಿ ಇನ್ನೊಂದು ಮೀನು ಸತ್ತಿದ್ದರೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಪೆಟ್ಟಿಗೆಗೆ ಕಾಲುವೆ ನೀರಲ್ಲದೆ ಬೇರೆ ಹನಿ ಬೀಳಬಾರದು."

ಗಂಡನಿಲ್ಲ, ಮಕ್ಕಳಿಲ್ಲ, ಹೊಲವಿಲ್ಲ. ಇದ್ದದ್ದು ಈ ಕೊಡವೊಂದೇ. ಯಮನೂರಮ್ಮ ಬಾವಿಯ ಕಟ್ಟೆಯ ಮೇಲೆ ಕುಳಿತು ತನ್ನ ಮನೆದೇವರಿಗೆ ಮೊರೆಯಿಟ್ಟಳು. ಮೊರೆಯಿಡುತ್ತ ಕಣ್ಣೊರೆಸಿಕೊಂಡು ನೋಡಿದರೆ, ಎದುರಿಗೆ ದನಗಳು ನೀರು ಕುಡಿಯುವ ಕಲ್ಲಿನ ದೋಣಿ. ಅದರೊಳಗೆ ಸಣ್ಣ ಮೀನುಗಳು ಮದುವೆ ಮನೆಯ ಮಕ್ಕಳಂತೆ ಓಡಾಡುತ್ತಿದ್ದವು. ಆ ದೋಣಿಯನ್ನು ಯಾರೂ ಬರಿದು ಮಾಡಿದವರಲ್ಲ. ಕಡಿಮೆಯಾದಷ್ಟನ್ನು ಸುರಿಯುತ್ತಿದ್ದರು, ಅದೂ ಸವುಳು ನೀರನ್ನೇ. ಮೊರೆಗೆ ಇಷ್ಟು ಬೇಗ ಉತ್ತರ ಬರುವುದು ಅಪರೂಪ. ಅವಳು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಬಂಗಲೆಗೆ ಹೋಗಿ ಪೆಟ್ಟಿಗೆಯ ನೀರಿನಲ್ಲೂ ಬೆರಳದ್ದಿ ಸವಿದಳು. ಮೊದಲನೆಯದು ಗಟ್ಟಿ ನೀರು, ಎರಡನೆಯದು ತೀರ ಸಪ್ಪೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ಅವಳಿಗೆ ಪೂರ್ತಿ ಬೆಳಕಾಯಿತು: ನಿನ್ನೆಯ ಮೊಸರನ್ನೆಲ್ಲ ಚೆಲ್ಲಿಬಿಟ್ಟರೆ ನಾಳೆಯ ಮೊಸರು ಎಲ್ಲಿಂದ ಬರಬೇಕು? ನೀರಿಗೂ ಹೆಪ್ಪು ಬೇಕು.

ಆದರೆ ದ್ಯಾವಪ್ಪನ ಕೈ ತಡೆಯುವವರು ಯಾರು? ಮರುದಿನ ಬೆಳಿಗ್ಗೆ ಅವನು ಪೆಟ್ಟಿಗೆಯ ಮೊದಲ ಕೊಡ ನೀರನ್ನು ಮುಳ್ಳುಬೇಲಿಯ ಬುಡಕ್ಕೆ ಚೆಲ್ಲಲು ಎತ್ತಿದ್ದಾಗ ಯಮನೂರಮ್ಮ ಕೆನ್ನೆಗೆ ಕೈ ಹಚ್ಚಿ ನಿಂತಳು.

"ಯಪ್ಪಾ ದ್ಯಾವಾ, ಎಲ್ಲಿ ಚೆಲ್ಲಾಕತ್ತಿ?"

"ಬೇಲಿಗಿ. ಮತ್ತೆಲ್ಲಿ?"

"ಮುಂಜಾನೆದ್ದು ಕಣ್ಣಿಗೊತ್ತಿಕೊಳ್ಳೋದು ಇದs ನೀರು. ಮೀನಂದ್ರ ಮತ್ತ ಯಾರ ಅವತಾರ? ಆತನ ಮೈ ಮುಟ್ಟಿದ ತುಂಗವ್ವನ ತೀರ್ಥ ಇದು. ನಾಯಿ ಕಾಲೆತ್ತೋ ಬೇಲಿಗಿ ಚೆಲ್ತೀಯಲ್ಲೋ ತಮ್ಮಾ!"

ದ್ಯಾವಪ್ಪನ ಕೈಯಲ್ಲಿದ್ದ ಕೊಡ ಗಾಳಿಯಲ್ಲೇ ನಿಂತಿತು. "ಹಂಗಾರ... ಎಲ್ಲಿ ಹಾಕ್ಲಿ ಯಕ್ಕಾ?"

"ತೀರ್ಥ ಎಲ್ಲಿ ಹಾಕ್ತಾರ? ತುಳಸಿಗಿ ಹಾಕು."

"ಎಂಟ್ ಕೊಡ ಹಾಕಿದ್ರ ತುಳಸಿ ಕೊಳಿತೈತಲ್ಲಬೇ!"

"ಹಂಗಾರ ದಿನಕ್ಕ ಒಂದs ಕೊಡ ತಗಿ. ನಾನೂ ಒಂದs ತುಂಬ್ತೀನಿ," ಎಂದಳು ಯಮನೂರಮ್ಮ, ಏನೂ ಅರಿಯದವಳಂತೆ.

ದ್ಯಾವಪ್ಪ ಆ ದಿನದಿಂದ ಒಂದು ಕೊಡಕ್ಕಿಂತ ಹೆಚ್ಚು ತೆಗೆಯಲಿಲ್ಲ. ಚೆಲ್ಲಿಬಿಟ್ಟ ತೀರ್ಥಕ್ಕಾಗಿ ಶನಿವಾರ ಉಪವಾಸವನ್ನೂ ಮಾಡಿದ, ಪಾಪ. ಇತ್ತ ಯಮನೂರಮ್ಮ ಎರಡು ದಿನ ಕಾಲುವೆಯ ನೀರು ಹಾಕಿದರೆ ಮೂರನೆಯ ದಿನ ಸವುಳು ಬಾವಿಯದನ್ನು ಹಾಕಿದಳು. ಕೊಡಕ್ಕೆ ಬಾಯಿಲ್ಲ, ಹೊತ್ತವಳು ಬಾಯಿ ಬಿಡಲಿಲ್ಲ. ಇದು ಸುಳ್ಳೇ ಎಂದು ಕೇಳುವ ಭಕ್ತರಿದ್ದಾರೆ. ಅವಳು ಸುಳ್ಳಾಡಲಿಲ್ಲ, ಸತ್ಯವನ್ನು ಕೆಲವು ದಿನ ದವಡೆಯಲ್ಲಿ ಅಡಿಕೆಯಂತೆ ಇಟ್ಟುಕೊಂಡಿದ್ದಳು ಎಂದಷ್ಟೇ ನಾನು ಹೇಳಬಲ್ಲೆ.

ಉಪ್ಪಿನ ಹದಕ್ಕೆ ಅವಳದೇ ಒಂದು ಅಳತೆ: ನಾಲಿಗೆಯ ತುದಿಗೆ ತಿಳಿಯಬೇಕು, ಗಂಟಲಿಗೆ ತಿಳಿಯಬಾರದು. ಒಮ್ಮೆ ಮಾತ್ರ ಎಡವಿದಳು. ಶಿವರಾತ್ರಿ ಕಳೆದು ಬಿಸಿಲೇರಿ, ಪೆಟ್ಟಿಗೆಯ ನೀರು ಎರಡು ಬೆರಳು ಇಳಿದಿತ್ತು. ಲೆಕ್ಕದ ಪ್ರಕಾರ ಅಂದು ಸವುಳಿನ ಸರದಿ, ಅದನ್ನೇ ಸುರಿದಳು. ಸಂಜೆಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದವು. ಸವಿದು ನೋಡಿದಳು, ಗಂಟಲಿಗೆ ತಿಳಿಯಿತು! ಬಿಸಿಲು ನೀರನ್ನಷ್ಟೇ ಕುಡಿಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ ಎಂಬುದು ಆಗ ಹೊಳೆಯಿತು. ಕಾಲುವೆಗೆ ಓಡಿ ಸಿಹಿನೀರು ತಂದು, ಮೀನುಗಳಿಗೆ ಕೈಮುಗಿಯುತ್ತ, ಚರಿಗೆ ಚರಿಗೆಯಾಗಿ ಸುರಿದಳು. ಅಂದಿನಿಂದ ಇಂಗಿದ್ದಕ್ಕೆ ಸಿಹಿನೀರು, ತೆಗೆದದ್ದಕ್ಕೆ ಸರದಿಯ ನೀರು. ಅಂತೂ ಏಳೂ ಮೀನುಗಳು ನಡುಕ ಬಿಟ್ಟು ಈಜತೊಡಗಿದವು.

ಆದರೆ ತುಳಸಿ ಹಳದಿಗೆ ತಿರುಗಿತು.

ದ್ಯಾವಪ್ಪ ಮೊದಲು ತನ್ನ ಪಾಪವನ್ನು ಸಂಶಯಿಸಿದ, ಆಮೇಲೆ ಗ್ರಹಚಾರವನ್ನು. ಸಾಹೇಬರು ಬರುವ ದಿನ ಬೆಳಿಗ್ಗೆ ತುಳಸಿಯ ಬುಡದಲ್ಲಿ ಬಿಳಿಯ ಪದರ ಕಂಡು, ಬೆರಳಿಗೆ ಹಚ್ಚಿ ನೆಕ್ಕಿದ. ಉಪ್ಪು! ಅವನ ಮುಖ ಹುಣಸೆಕಾಯಿ ಕಡಿದವನಂತಾಯಿತು. ಜೀಪು ಅಂಗಳದಲ್ಲಿ ನಿಂತಾಗ ಯಮನೂರಮ್ಮನ ಕೊಡ ಸಾಕ್ಷಿಗೆಂದು ಅವನ ಕೈಯಲ್ಲಿತ್ತು.

"ಸಾಹೇಬ್ರ, ಒಂದ್ ತಿಂಗಳಿಂದ ಈಕಿ ಪೆಟಗಿಗಿ ಸವುಳು ನೀರು ಹಾಕ್ಯಾಳ್ರಿ! ನನ್ನ ತುಳಸಿನೂ ಕೊಂದಾಳ!"

ಸಾಹೇಬರ ಮುಖ ಬಿಗಿಯಿತು. "ಹೌದೇನು ಯಮನೂರಮ್ಮ?"

"ಹೌದ್ರಿ. ತುಳಸಿದು ನನ್ನ ತಪ್ಪು, ಒಪ್ಪಿಕೊಂಡೆ. ಮೀನಂದು ಅಲ್ಲ. ಮೊದಲು ಎಣಸ್ರಿ, ಆಮ್ಯಾಗ ನನ್ನ ಬಿಡಸ್ರಿ."

ಸಾಹೇಬರು ಒಳಗೆ ನಡೆದು ಗಾಜಿನ ಮುಂದೆ ಬಗ್ಗಿದರು. ಒಂದು, ಎರಡು, ಮೂರು... ಏಳು. ಎದ್ದು ನಿಲ್ಲುವವರು ಮತ್ತೆ ಬಗ್ಗಿದರು. ಪಾಚಿಯ ನಡುವೆ ಸಾಸಿವೆ ಸಿಡಿದಂತೆ ಏನೋ ಚದುರಿತು. ಮರಿಗಳು! ಇಪ್ಪತ್ತಕ್ಕೆ ಬಂದು ಅವರ ಎಣಿಕೆ ತಪ್ಪಿತು.

"ಮುಂಬಯಿಯಲ್ಲೂ ಇವು ಮರಿ ಹಾಕಿರಲಿಲ್ಲ," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಇದನ್ನು ನಿನಗೆ ಯಾರು ಹೇಳಿಕೊಟ್ಟರು?"

"ಮಸರು ಹೇಳ್ತು ಸಾಹೇಬ್ರ." ಹೆಪ್ಪಿನ ಕಥೆಯನ್ನು ಅವಳು ಪೂರ್ತಿ ಹೇಳಿದಳು, ತೀರ್ಥದ ಕಥೆಯನ್ನೂ. ಸಾಹೇಬರು ಕುರ್ಚಿ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವಳ ಅಪ್ಪಣೆಯಂತೆ ಬೆರಳದ್ದಿ ತಾವೂ ನೆಕ್ಕಿದರು. "ನನಗೇನೂ ತಿಳಿಯಲಿಲ್ಲವಲ್ಲ?"

"ಅದಕs ನನ್ನ ಇಟ್ಕೋಬೇಕ್ರಿ. ಕಾಲುವಿ ನೀರು ಪೈಪಿನ್ಯಾಗ ಬರ್ತೈತಿ, ನಾಲಿಗಿ ಬರಂಗಿಲ್ಲ."

ಮಳೆಗಾಲಕ್ಕೆ ಪೈಪು ಬಂತು, ಯಮನೂರಮ್ಮ ಉಳಿದಳು. ಸವುಳು ನೀರು ಹೊರುವವಳೆಂದು ಅವಳನ್ನು ಇನ್ನೂ ಹನ್ನೊಂದು ವರ್ಷ ಆ ಬಂಗಲೆ ಇಟ್ಟುಕೊಂಡಿತು. ಬಾವಿಯೊಂದರಲ್ಲಿ ದೇವರು ಉಪ್ಪನ್ನಿಟ್ಟರೆ ಅದನ್ನು ಬಯಸುವ ಜೀವವನ್ನೂ ಎಲ್ಲೋ ಇಟ್ಟಿರುತ್ತಾನೆ. ಅವೆರಡನ್ನೂ ಕೂಡಿಸಲು ಒಂದು ತಲೆಯೂ ಒಂದು ಕೊಡವೂ ಬೇಕು, ಅಷ್ಟೇ.

ಸಾಹೇಬರು ಮರಿಗಳನ್ನು ಎಣಿಸಿದ ದಿನವೇ ಸಂಜೆ ಅವಳು ಮಸ್ಕಿಗೆ ಹೋಗಿ, ಹೊಸ ತುಳಸಿಯ ಸಸಿಯನ್ನು ಸೆರಗಿನಲ್ಲಿ ತಂದು ತಾನೇ ನೆಟ್ಟಳು. "ಇದಕ್ಕ ಕಾಲುವಿ ನೀರು ಹಾಕು ತಮ್ಮಾ. ಪೆಟಗಿ ತೀರ್ಥ ಬೇಕಾದ್ರ ನೀನs ಕುಡಿ."

ದ್ಯಾವಪ್ಪ ಎಂಟು ದಿನ ಮಾತು ಬಿಟ್ಟ. ಒಂಬತ್ತನೆಯ ದಿನ ಅವಳು ಕೊಡ ಇಳಿಸುತ್ತಿದ್ದಾಗ, ಅವನು ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ, ಬೆರಳು ಬಾಯಲ್ಲಿಟ್ಟುಕೊಂಡು, ಮಂತ್ರ ಜಪಿಸುವವನಂತೆ ನಿಂತಿದ್ದ.

"ಯಕ್ಕಾ, ಇವತ್ತ ಕಾಲುವಿ ಸೀ ನೀರs ಹಾಕಬೇಕಂತ ಕಾಣತೈತಿ."

ಯಮನೂರಮ್ಮ ನಗುವನ್ನು ಸೆರಗಿನಲ್ಲಿ ಬಚ್ಚಿಟ್ಟಳು. "ಎಲ್ಲಿ ತಿಳೀತು ತಮ್ಮಾ, ನಾಲಿಗಿಗೋ ಗಂಟಲಿಗೋ?"